ನಡುಚಕ್ರದ ಬೀಗ

ಅವಳು ಮೊದಲ ಸಲ ಆ ಅಂಗಡಿಗೆ ಬಂದದ್ದು ಸೊಸೆಯಾಗಿ ಅಲ್ಲ, ಗಿರಾಕಿಯಾಗಿ. ಅದೂ ಮಾತಿಗೆ ಮಾತು ಕೊಡುವ ಗಿರಾಕಿಯಾಗಿ. ಸೈಕಲ್ ಅಂಗಡಿಯ ಯಜಮಾನರಿಗೆ ಆ ಬೆಳಗು ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಶಟರ್ ಆಗಷ್ಟೇ ಮೇಲೆದ್ದಿತ್ತು. ಧೂಳಡಗಲೆಂದು ನೆಲಕ್ಕೆ ಚಿಮುಕಿಸಿದ ನೀರು ಇನ್ನೂ ಆರಿರಲಿಲ್ಲ. ಯಜಮಾನರು ಬಾಗಿಲ ಬಳಿಯ ಸ್ಟ್ಯಾಂಡಿನ ಮುಂದೆ ಮೋಟು ಸ್ಟೂಲಿನ ಮೇಲೆ ಕೂತು, ಒಂದು ಹಿಂದಿನ ಚಕ್ರವನ್ನು ಮೆಲ್ಲಗೆ ತಿರುಗಿಸುತ್ತಾ ಅದರ ಓರೆ ತೆಗೆಯುತ್ತಿದ್ದರು. ಒಳಮೂಲೆಯಲ್ಲಿ ಮಗ ಪಂಪು ಹಿಡಿದು ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದ. ಆಗ ಚಕ್ರದ ಮೇಲೆ ನೆರಳು ಬಿತ್ತು. ಯಜಮಾನರು ತಲೆ ಎತ್ತಿದರು.

ಹೊಸ್ತಿಲಿನ ಆಚೆ ಒಬ್ಬ ಹುಡುಗಿ ಸೈಕಲ್ ಹಿಡಿದು ನಿಂತಿದ್ದಳು. ಬಟ್ಟೆ ಹೊಲಿಯುವ ಕಾರ್ಖಾನೆಯ ತಿಳಿನೀಲಿ ಮೇಲಂಗಿ, ತೋಳಿನ ತುಂಬ ಅಂಟಿಕೊಂಡ ದಾರದ ಎಳೆಗಳು. ಬಲಗೈ ಮಣಿಕಟ್ಟಿನವರೆಗೆ ಚೈನಿನ ಮಸಿ. ಸೈಕಲ್ ಅವಳದಲ್ಲ, ಪಕ್ಕದ ಮನೆಯವರದಂತೆ. ಅದರ ಚೈನು ದೊಡ್ಡ ಹಲ್ಲುಚಕ್ರಕ್ಕೂ ಪೆಡಲಿನ ತೋಳಿಗೂ ನಡುವೆ ಸಿಕ್ಕಿ ಕೂತುಬಿಟ್ಟಿತ್ತು. ಅಷ್ಟು ದೂರ ತಳ್ಳಿಕೊಂಡೇ ಬಂದಿದ್ದಳು.

ಯಜಮಾನರು ಒಂದು ಸಲ ನೋಡಿ, “ಬಿಟ್ಟು ಹೋಗಿ, ಸಂಜೆಗೆ ಬನ್ನಿ” ಎಂದರು.

“ಏನು ಮಾಡ್ತೀರಿ ಇದಕ್ಕೆ?”

“ನಡುಚಕ್ರಕ್ಕೆ ಬೀಗ ಹಾಕ್ತೀನಿ. ಜನ್ಮದಲ್ಲಿ ಬೀಳಲ್ಲ.”

ಯಜಮಾನರ ಈ ಬೀಗದ ಬಗ್ಗೆ ಎರಡು ಮಾತು ಹೇಳಬೇಕು. ಗೇರಿನ ಸೈಕಲ್ಲಿಗೆ ಪೆಡಲಿನ ಬಳಿ ಮೂರು ಹಲ್ಲುಚಕ್ರ ಇರುತ್ತವೆ. ಏರಿಗೆ ಸಣ್ಣದು, ಸಮನೆಲಕ್ಕೆ ನಡುವಿನದು, ಓಟಕ್ಕೆ ದೊಡ್ಡದು. ಚೈನನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವುದು ಅದರ ಮೇಲೆ ಕೂತಿರುವ ಎರಡು ತಗಡಿನ ಒಂದು ಸಾಧನ. ಅದಕ್ಕೆ ಡಿರೈಲರ್ ಎಂದು ಹೆಸರು. ಆ ಹೆಸರು ಯಜಮಾನರ ನಾಲಿಗೆಗೆ ಒಗ್ಗದೆ ಅವರು ಅದನ್ನು ಇಕ್ಕಳ ಎನ್ನುತ್ತಿದ್ದರು. ಇಕ್ಕಳದ ನೆತ್ತಿಯಲ್ಲಿ ಎರಡು ಪುಟ್ಟ ಸ್ಕ್ರೂ. ಇಕ್ಕಳ ಎಷ್ಟು ಒಳಗೆ ಬರಬಹುದೆಂದು ಒಂದು ಗೊತ್ತುಮಾಡುತ್ತದೆ, ಇನ್ನೊಂದು ಎಷ್ಟು ಹೊರಗೆ ಹೋಗಬಹುದೆಂದು. ಯಜಮಾನರು ಎರಡನ್ನೂ ಕೊನೆಮುಟ್ಟ ಬಿಗಿದುಬಿಡುತ್ತಿದ್ದರು. ಇಕ್ಕಳ ಅತ್ತಲೂ ಹೋಗದು, ಇತ್ತಲೂ ಬಾರದು. ಚೈನು ನಡುಚಕ್ರದ ಮೇಲೆ ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ನಿಂತಲ್ಲೇ ಸುತ್ತುತ್ತಿತ್ತು. ಊರಿನ ಅರ್ಧ ಮೆಕ್ಯಾನಿಕ್‌ಗಳು ಅವರ ಕೈಕೆಳಗೆ ಕಲಿತವರು. ಹಾಗಾಗಿ ಊರಿನ ಹೆಚ್ಚಿನ ಗೇರಿನ ಸೈಕಲ್‌ಗಳು ಬೀಗ ಹಾಕಿಸಿಕೊಂಡೇ ಓಡಾಡುತ್ತಿದ್ದವು. ತಮ್ಮ ಕೈ ದಾಟಿದ ಗಾಡಿಯ ಚೈನು ಎಂದೂ ಕಳಚಿಲ್ಲ ಎಂದು ಯಜಮಾನರು ಎದೆ ತಟ್ಟಿ ಹೇಳುತ್ತಿದ್ದರು. ಆ ಮಾತು ನಿಜವೂ ಆಗಿತ್ತು.

ಯಜಮಾನರು ಬೀಗದ ಹಿರಿಮೆ ಹೇಳಿದ್ದನ್ನು ಕೇಳಿಸಿಕೊಂಡು ಹುಡುಗಿ ಹೇಳಿದಳು: “ಮೂರು ಕೋಣೆ ಮನೆ ಬಾಡಿಗೆಗೆ ಕೊಟ್ಟು ಎರಡಕ್ಕೆ ಬೀಗ ಜಡಿದ ಹಾಗಾಯ್ತಲ್ಲ, ಯಜಮಾನ್ರೇ. ನಂಗೆ ಒಂದು ಸ್ಕ್ರೂಡ್ರೈವರ್ ಕೊಡಿ ಸಾಕು.”

ಒಳಗಿನಿಂದ ಮಗ ಕಿಸಕ್ಕೆಂದ. ಯಜಮಾನರಿಗೆ ಮೈಯೆಲ್ಲ ಉರಿಯಿತು. ಆದರೂ ಸ್ಕ್ರೂಡ್ರೈವರ್ ಕೊಟ್ಟರು, ಇವಳು ಕೈ ಸುಟ್ಟುಕೊಂಡು ತಾನಾಗಿ ಬರಲಿ ಎಂಬ ಲೆಕ್ಕದಲ್ಲಿ. ಹೊಸ್ತಿಲು ಮಾತ್ರ ದಾಟಬೇಡಿ, ಗಿರಾಕಿಗಳಿಗೆ ಒಳಗೆ ಪ್ರವೇಶವಿಲ್ಲ ಎಂದರು. ಅವಳು ಅಲ್ಲೇ ಬೀದಿಯ ಕಲ್ಲುಹಾಸಿನ ಮೇಲೆ ಮಂಡಿಯೂರಿದಳು. ಎಲ್ಲರ ಹಾಗೆ ಸ್ಕ್ರೂಗೆ ಕೈ ಹಾಕಲಿಲ್ಲ. ಸ್ಪ್ಯಾನರ್ ಕೂಡ ಕೇಳಿ ಪಡೆದು ಮೊದಲು ಇಕ್ಕಳವನ್ನು ಹೊರಕ್ಕೆಳೆಯುವ ವೈರು ಬಿಚ್ಚಿದಳು. ಇಕ್ಕಳವನ್ನು ಬೆರಳಿನಿಂದ ಹೊರಗೆ ಎಳೆದು, ದೊಡ್ಡ ಚಕ್ರದ ಹಲ್ಲಿಗೂ ತಗಡಿನ ಅಂಚಿಗೂ ನಡುವೆ ಎಷ್ಟು ಜಾಗವಿದೆ ನೋಡಿದಳು. ಹೆಬ್ಬೆರಳೇ ತೂರುವಷ್ಟಿತ್ತು. ಮೇಲಂಗಿಯ ಜೇಬಿನಿಂದ ಒಂದು ಅಂಗಿಯ ಗುಂಡಿ ತೆಗೆದಳು. ಇಕ್ಕಳವನ್ನು ಸಡಿಲಿಸಿ, ಆ ಗುಂಡಿ ಮಾತ್ರ ನುಸುಳುವಷ್ಟು ಜಾಗ ಬಿಟ್ಟು ಕೆಳಗಿಳಿಸಿದಳು. ಆಮೇಲೆ ಎದ್ದು ನಿಂತು, ಒಂದು ಕಣ್ಣು ಮುಚ್ಚಿ, ತಗಡು ಚಕ್ರಕ್ಕೆ ನೆಟ್ಟಗಿದೆಯೋ ಸೊಟ್ಟಗಿದೆಯೋ ಎಂದು ಮೇಲಿನಿಂದ ನೋಡಿದಳು.

ಯಜಮಾನರ ಕೈಯ ಚಕ್ರ ಯಾವಾಗಲೋ ನಿಂತಿತ್ತು. ಮಗನ ಪಂಪು ಮಾತ್ರ ನಿಂತಿರಲಿಲ್ಲ. ಅವನು ಟ್ಯೂಬನ್ನು ನೋಡುವುದು ಬಿಟ್ಟು ಹೊಸ್ತಿಲಿನಾಚೆ ನೋಡುತ್ತಾ ಗಾಳಿ ಹೊಡೆಯುತ್ತಲೇ ಇದ್ದ. ಟ್ಯೂಬು ಢಮ್ಮೆಂದು ಒಡೆಯಿತು. ಅವಳು ಬೆಚ್ಚಿ, ಒಳಗೆ ಇಣುಕಿ, ಮೊದಲ ಸಲ ನಕ್ಕಳು. ಮುಂದಿನದನ್ನು ವಿವರಿಸಬೇಕಾಗಿಲ್ಲ. ಯಜಮಾನರ ಹೆಂಡತಿ ಇವತ್ತಿಗೂ, ಒಂದು ಟ್ಯೂಬಿನ ಬೆಲೆಗೆ ಮದುವೆ ಕುದುರಿದ್ದು ನಮ್ಮ ಮನೆಯಲ್ಲಿ ಮಾತ್ರ ಎಂದು ನೆಂಟರಿಗೆಲ್ಲ ಹೇಳಿ ನಗಿಸುತ್ತಾರೆ.

ಸೊಸೆ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರಗಳ ಫಿಟ್ಟರ್ ಆಗಿದ್ದವಳು. ಸೂಜಿಯ ಪಕ್ಕದಲ್ಲಿ ಬಟ್ಟೆ ಒತ್ತಿಹಿಡಿಯುವ ಪಾದ ಕೂದಲೆಳೆಯಷ್ಟು ಓರೆಯಾದರೂ ಹೊಲಿಗೆ ಹಾದಿ ತಪ್ಪುತ್ತದೆ, ದಾರದ ಬಿಗಿ ಕಾಲು ಸುತ್ತು ಹೆಚ್ಚಾದರೂ ನೂಲು ತುಂಡಾಗುತ್ತದೆ ಎಂಬುದು ಅವಳ ಬೆರಳಿಗೆ ಗೊತ್ತಿತ್ತು. ಕಾರ್ಖಾನೆ ಬೇರೆ ಊರಿಗೆ ಹೋದ ಮೇಲೆ ಅವಳು ಸೈಕಲ್ ಅಂಗಡಿಗೆ ಬಂದಳು. ಯಜಮಾನರು ಅವಳನ್ನು ಹಿಂದಿನ ಗೋಡೆಯ ಕತ್ತಲೆಯ ಸ್ಟ್ಯಾಂಡಿಗೆ ಕೂರಿಸಿದರು. ಪಂಕ್ಚರು, ಬ್ರೇಕಿನ ರಬ್ಬರು, ಸೀಟು ಎತ್ತಿ ಇಳಿಸುವುದು ಅವಳ ಪಾಲು. ಬಾಗಿಲ ಬಳಿಯ, ಬೆಳಕು ನೇರ ಬೀಳುವ ಮೊದಲನೆಯ ಸ್ಟ್ಯಾಂಡು ಯಜಮಾನರದು. ಅದರ ಮೇಲೆ ಬೇರೆ ಯಾರ ಕೈಯೂ ಬಿದ್ದದ್ದಿಲ್ಲ, ಮಗನದೂ ಸೇರಿ.

ಆದರೂ ಬೀಗ ತೆಗೆಸಿಕೊಳ್ಳಬೇಕೆಂಬವರ ಗಾಡಿಗಳು ಒಂದೊಂದಾಗಿ ಹಿಂದಿನ ಗೋಡೆಗೆ ಸರಿಯತೊಡಗಿದವು. ಸೊಸೆ ತನ್ನ ಕ್ರಮ ಬಿಡಲಿಲ್ಲ. ಮೊದಲು ವೈರು ಸಡಿಲ, ಆಮೇಲೆ ಗುಂಡಿ ಹಿಡಿದು ಎತ್ತರ, ಆಮೇಲೆ ನೇರ. ಆಮೇಲೆ ಚೈನನ್ನು ಸಣ್ಣ ಚಕ್ರಕ್ಕೆ ಇಳಿಸಿ, ಇಕ್ಕಳದ ಒಳತಗಡು ಚೈನಿಗೆ ತಗಲದೆ ಕಾಗದದಷ್ಟು ದೂರ ನಿಲ್ಲುವ ಹಾಗೆ ಒಳಗಿನ ಸ್ಕ್ರೂ. ವೈರು ಎಳೆದು ಬಿಗಿಯುವುದು ಅದಾದ ಮೇಲೆ. ಹೊರಗಿನ ಸ್ಕ್ರೂ ಎಲ್ಲಕ್ಕಿಂತ ಕೊನೆಗೆ. “ಕಾಲು ಸುತ್ತು, ಮತ್ತೆ ನೋಡೋದು. ಕಾಲು ಸುತ್ತು, ಮತ್ತೆ ನೋಡೋದು” ಎಂದು ಅವಳು ಗೊಣಗಿಕೊಳ್ಳುತ್ತಿದ್ದುದನ್ನು ಕೇಳಿ ಯಜಮಾನರು ಅವಳಿಗೆ ‘ಕಾಲುಸುತ್ತು’ ಎಂದೇ ಹೆಸರಿಟ್ಟರು. ಅದರಲ್ಲಿ ಅರ್ಧ ಗೇಲಿ ಇತ್ತು. ಇನ್ನರ್ಧ ಏನೆಂದು ಅವರಿಗೇ ಆಗ ಗೊತ್ತಿರಲಿಲ್ಲ.

ಹೀಗಿರುವಾಗ ನರ್ಸಮ್ಮನ ಗಾಡಿ ಬಂತು.

ನರ್ಸಮ್ಮ ಊರಿನ ಆರೋಗ್ಯ ಕೇಂದ್ರದವರು. ಗುಡ್ಡದ ಮೇಲಿನ ಕೇರಿಗೆ ಮಕ್ಕಳ ಲಸಿಕೆ ಒಯ್ಯುವುದು ಅವರ ಕೆಲಸ. ಮಂಜುಗಡ್ಡೆ ತುಂಬಿದ ನೀಲಿ ಪೆಟ್ಟಿಗೆಯಲ್ಲಿ ಲಸಿಕೆ ಇಟ್ಟುಕೊಂಡು ಹೋಗಬೇಕು, ಮಂಜು ಕರಗುವ ಮೊದಲು ತಲುಪಬೇಕು. ಕಡಿದಾದ ಏರು. ಸಣ್ಣ ಚಕ್ರಕ್ಕೆ ಚೈನು ಇಳಿದರೆ ಕೂತೇ ತುಳಿದುಕೊಂಡು ಹೋಗಬಹುದು, ಇಳಿಯದಿದ್ದರೆ ತಳ್ಳಬೇಕು. ತಳ್ಳಿದರೆ ತಡ, ತಡವಾದರೆ ಲಸಿಕೆ ಹಾಳು. ಅದಕ್ಕೇ ಅವರಿಗೆ ಬೀಗ ಬೇಡ, ಮೂರೂ ಚಕ್ರ ಬೇಕಿತ್ತು. ಸೊಸೆ ಗಾಡಿಯನ್ನು ಸ್ಟ್ಯಾಂಡಿಗೇರಿಸಿ, ತನ್ನ ಕ್ರಮದಂತೆ ಎಲ್ಲ ಸರಿಮಾಡಿ, ಚೈನು ಬೆಣ್ಣೆಯಲ್ಲಿ ಕೂದಲೆಳೆದಂತೆ ಹತ್ತಿಳಿಯುವುದನ್ನು ತೋರಿಸಿ ಕಳಿಸಿದಳು.

ಗಾಡಿ ವಾಪಸು ಬಂತು. ಏರಿನಲ್ಲಿ ಚೈನು ಸಣ್ಣ ಚಕ್ರಕ್ಕೆ ಇಳಿಯುವುದೇ ಇಲ್ಲವಂತೆ. ಸೊಸೆ ಒಳಗಿನ ಸ್ಕ್ರೂವನ್ನು ಕಾಲು ಸುತ್ತು ಸಡಿಲಿಸಿ ಕಳಿಸಿದಳು. ಮತ್ತೆ ಬಂತು. ಈ ಸಲ ಚೈನು ಸಣ್ಣ ಚಕ್ರವನ್ನೂ ದಾಟಿ ಒಳಗೆ ಬಿದ್ದಿತ್ತು. ಬಿಗಿದು ಕಳಿಸಿದರೆ ಮತ್ತೆ ಇಳಿಯಲಿಲ್ಲ. ನರ್ಸಮ್ಮ ದಾರಿಯಲ್ಲಿ ಇಳಿದು ಕೈಯಿಂದಲೇ ಚೈನು ಎತ್ತಿ ಕೂರಿಸಿ, ಮಸಿ ಮೆತ್ತಿದ ಕೈಯಲ್ಲಿ ಮೇಲಿನ ಕೇರಿ ಸೇರಿ, ಅಲ್ಲಿ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಸಾಲಾಗಿ ಕಾಯುತ್ತಿರುವಾಗ ಸೋಪು ಹಾಕಿ ಹಾಕಿ ಕೈ ತಿಕ್ಕುತ್ತಾ ನಿಲ್ಲಬೇಕಾಗಿತ್ತಂತೆ. ಬೈಯುವ ಹೆಂಗಸಲ್ಲ ಅವರು. ಕೈ ಎತ್ತಿ ತೋರಿಸಿದರು, ಅಷ್ಟೇ. ಉಗುರಿನ ಸಂದಿಯಲ್ಲಿ ಮಸಿ ಇನ್ನೂ ಇತ್ತು.

ಯಜಮಾನರಿಗೆ ಅದು ಸೊಸೆಯ ಸೋಲಿಗಿಂತ ಅಂಗಡಿಯ ಸೋಲಾಗಿ ಕಂಡಿತು. ಅಂದು ಮಧ್ಯಾಹ್ನ ಊಟದ ಹೊತ್ತಿಗೆ, ಹೆಂಡತಿ ಮತ್ತು ಮಗನ ಎದುರಿಗೇ ತೀರ್ಮಾನ ಹೇಳಿದರು.

“ನೋಡಮ್ಮ, ಆ ಗಾಡಿ ಇನ್ನೊಂದು ಸಲ ತಿರುಗಿ ಬಂದ್ರೆ ನಾನೇ ಬೀಗ ಹಾಕ್ತೀನಿ. ಆಮೇಲೆ ಈ ಅಂಗಡೀಲಿ ಯಾರೂ ಇಕ್ಕಳ ಮುಟ್ಟೋ ಹಾಗಿಲ್ಲ. ಪಂಕ್ಚರ್ ಇದೆ, ಬ್ರೇಕ್ ಇದೆ. ಅಷ್ಟೇ.”

ಸೊಸೆ ತಟ್ಟೆಯಿಂದ ತಲೆ ಎತ್ತದೆ ಆಗಲಿ ಮಾವ ಎಂದಳು. ಮಗ ಏನೋ ಹೇಳಲು ಬಾಯಿ ತೆರೆದ. ಅವಳು ಅವನ ಕಡೆ ನೋಡಿದ ನೋಟಕ್ಕೆ ಬಾಯಿ ತಾನಾಗಿ ಮುಚ್ಚಿಕೊಂಡಿತು.

ಗಾಡಿ ತಿರುಗಿ ಬಂತು.

ಯಜಮಾನರು ಅದನ್ನು ತಮ್ಮ ಸ್ಟ್ಯಾಂಡಿಗೆ ಏರಿಸಿ, ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರು. ನರ್ಸಮ್ಮ ಹೊಸ್ತಿಲಿನಾಚೆ ನಿಂತು, ಹಾಗಾದರೆ ಇನ್ನು ಮೇಲೆ ತಳ್ಳಿಕೊಂಡೇ ಹೋಗುತ್ತೇನೆ ಬಿಡಿ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಸೊಸೆ ಹಿಂದಿನ ಗೋಡೆಯಿಂದ ಎದ್ದು ಬಂದಳು. ಅವಳು ಮಾವನನ್ನು ತಡೆಯಲಿಲ್ಲ. ನರ್ಸಮ್ಮನನ್ನು ಒಂದು ಪ್ರಶ್ನೆ ಕೇಳಿದಳು.

“ಅಮ್ಮಾ, ಚೈನು ಇಳೀದೇ ಇರೋದು ಯಾವಾಗ, ಒಳಗೆ ಬೀಳೋದು ಯಾವಾಗ?”

“ಹೋಗೋವಾಗ ಮೊಂಡು, ಬರೋವಾಗ ಪುಂಡು ಕಣಮ್ಮ. ಹತ್ತೋವಾಗ ಇಳಿಯಲ್ಲ ಅಂತ ಹಟ. ವಾಪಸ್ ಬರೋವಾಗ ನಡುವಿನ ಸಣ್ಣ ಏರಲ್ಲಿ ಗೇರ್ ಮುಟ್ಟಿದ್ರೆ ಬಿದ್ದುಬಿಡುತ್ತೆ.”

“ಹೋಗೋವಾಗ ಇದ್ದು ಬರೋವಾಗ ಇಲ್ಲದ್ದು ಏನಿದೆ ಗಾಡೀಲಿ?”

ನರ್ಸಮ್ಮ ಯೋಚಿಸಿದರು. ಏನೂ ಇಲ್ಲ, ಪೆಟ್ಟಿಗೆ ಎರಡು ಸಲವೂ ಇರುತ್ತದೆ ಎಂದರು. ತುಸು ತಡೆದು ಮತ್ತೆ ಹೇಳಿದರು: ಹೋಗುವಾಗ ಮುಂದೆ ಕಟ್ಟುತ್ತಾರೆ, ಹಿಂದಿನ ಕ್ಯಾರಿಯರ್ ಮೇಲೆ ಕುಲುಕಾಟಕ್ಕೆ ಸೀಸೆ ಒಡೆಯುತ್ತವೆ ಅಂತ. ಬರುವಾಗ ಖಾಲಿ ಪೆಟ್ಟಿಗೆ ಹಿಂದೆ.

ಸೊಸೆ ಗೋಡೆಯ ಮೇಲಿನ ಬೋರ್ಡು ನೋಡಿದಳು. ಯಜಮಾನರೂ ನೋಡಿದರು. ಅವರೇ ಕೈಯಾರೆ ಬಣ್ಣದಲ್ಲಿ ಬರೆದದ್ದು: ಚೀಲ, ಬುಟ್ಟಿ, ಪೆಟ್ಟಿಗೆ ತೆಗೆದು ಗಾಡಿ ಕೊಡಿ. ಹಿಂದೆ ಯಾರೋ ಒಬ್ಬರು ಊಟದ ಡಬ್ಬಿ ಸಮೇತ ಗಾಡಿ ಬಿಟ್ಟು ಹೋಗಿ, ವಾರದ ಮೇಲೆ ಬಂದು, ಅಷ್ಟು ದಿನ ಅಂಗಡಿಯೆಲ್ಲ ನಾರಿದ ಮೇಲೆ ಬಂದ ನಿಯಮ ಅದು. ಅಂದಿನಿಂದ ಗಾಡಿಗಳು ಬೋಳಾಗಿ ಬರುತ್ತಿದ್ದವು, ಬೋಳಾಗಿಯೇ ರಿಪೇರಿಯಾಗುತ್ತಿದ್ದವು. ನರ್ಸಮ್ಮನ ಪೆಟ್ಟಿಗೆಯನ್ನು ಈ ಅಂಗಡಿಯಲ್ಲಿ ಯಾರೂ ಒಮ್ಮೆಯೂ ಕಂಡಿರಲಿಲ್ಲ.

“ಅಮ್ಮಾ, ಪೆಟ್ಟಿಗೆ ತುಂಬಿಸಿ ತನ್ನಿ, ಹೋಗೋವಾಗ ಹೇಗೆ ಕಟ್ತೀರೋ ಹಾಗೇ ಇಲ್ಲಿ ಕಟ್ಟಿ ತೋರಿಸಿ” ಎಂದಳು ಸೊಸೆ.

“ಪೆಟ್ಟಿಗೆ ಒಳಗೆ ಬರೋ ಹಾಗಿಲ್ಲ” ಎಂದರು ಯಜಮಾನರು. ಬೇಕೆಂದು ಹೇಳಿದ್ದಲ್ಲ, ಬಾಯಿ ರೂಢಿಗೆ ಬಂದದ್ದು.

“ಒಳಗೆ ಬೇಡ ಮಾವ. ಹೊಸ್ತಿಲಿನ ಆಚೆ ಇರಲಿ. ನಾನು ಮೊದಲ ಕೆಲಸ ಮಾಡಿದ್ದೂ ಅಲ್ಲೇ ಅಲ್ವಾ?”

ಯಜಮಾನರು ಹೊಸ್ತಿಲಿನತ್ತ ಒಮ್ಮೆ ನೋಡಿದರು. ಸ್ಕ್ರೂಡ್ರೈವರ್ ಕೆಳಗಿಟ್ಟರು. ಅಷ್ಟೇ ಅಲ್ಲ, ಎಂದೂ ಜಾಗ ಬಿಟ್ಟು ಕದಲದಿದ್ದ ಆ ಮೊದಲನೆಯ ಸ್ಟ್ಯಾಂಡನ್ನು ತಾವೇ ಒಂದು ಕಡೆ ಹಿಡಿದು, ಮಗನಿಗೆ ಇನ್ನೊಂದು ಕಡೆ ಹಿಡಿಸಿ, ಬೀದಿಗೆ ಸಾಗಿಸಿದರು.

ನರ್ಸಮ್ಮ ಪೆಟ್ಟಿಗೆ ತಂದರು. ನಾಲ್ಕು ಮಂಜಿನ ಪೊಟ್ಟಣ, ನೀರಿನ ಸೀಸೆಗಳು ತುಂಬಿಸಿ ಲಸಿಕೆಯಷ್ಟೇ ಭಾರ ಮಾಡಿದ್ದರು. ಅದನ್ನು ಹ್ಯಾಂಡಲ್ಲಿನ ಮುಂದೆ ಕೂರಿಸಿ, ಅಗಲವಾದ ಪಟ್ಟಿಯನ್ನು ಪೆಡಲಿನತ್ತ ಇಳಿಯುವ ಕೆಳಕೊಳವೆಯ ಸುತ್ತ ತಂದು ಬಕಲ್ಲಿಗೆ ತೂರಿಸಿದರು. ಸೊಸೆ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದವಳು ಕೈ ಅಡ್ಡ ಹಿಡಿದಳು.

“ಇನ್ನೂ ಬಿಗೀಬೇಡಿ. ಮಾವ, ಇಲ್ಲಿ ಬನ್ನಿ. ಈ ವೈರ್ ಮೇಲೆ ಬೆರಳಿಡಿ.”

ಹ್ಯಾಂಡಲ್ಲಿನಿಂದ ಇಕ್ಕಳಕ್ಕೆ ಹೋಗುವ ವೈರು ಆ ಕೊಳವೆಯ ಹೊಟ್ಟೆಯ ಉದ್ದಕ್ಕೂ ಬೆತ್ತಲೆಯಾಗಿ ಸಾಗುತ್ತದೆ. ಯಜಮಾನರು ಬಗ್ಗಿ ತೋರುಬೆರಳಿಟ್ಟರು. ನರ್ಸಮ್ಮ ಪಟ್ಟಿಯನ್ನು ಎಳೆದು ಬಿಗಿದರು. ಬೆರಳಿನ ಕೆಳಗೆ ವೈರು, ತಂಬೂರಿಯ ತಂತಿ ಬಿರಡೆಗೆ ಬಿಗಿದುಕೊಳ್ಳುವ ಹಾಗೆ ಬಿಗಿಯಿತು. ಇತ್ತ ಇಕ್ಕಳ, ಯಾರೂ ಗೇರು ಮುಟ್ಟದಿದ್ದರೂ, ತಾನಾಗಿ ಹೊರಕ್ಕೆ ಸರಿದು ನಿಂತಿತು.

ಯಜಮಾನರು ಬೆರಳು ತೆಗೆಯಲಿಲ್ಲ. “ಸಡಿಲ ಬಿಡಿ ನರ್ಸಮ್ಮಾ. ಹಾಂ. ಇನ್ನೊಂದ್ಸಲ ಬಿಗೀರಿ” ಎಂದರು. ಮತ್ತೆ ಅದೇ. ಮೂರನೆಯ ಸಲವೂ ಬಿಗಿಸಿ ನೋಡಿದರು. ಆ ಹೊತ್ತಿಗೆ ಅವರ ಮುಖದಲ್ಲಿ ಚಕ್ರದ ಓರೆ ಸಿಕ್ಕಾಗಿನ ಕಳೆ ಬಂದಿತ್ತು. ಪೆಟ್ಟಿಗೆ ಮುಂದಿದ್ದಾಗ ಪಟ್ಟಿ ವೈರನ್ನು ಅಮುಕಿ ಎಳೆಯುತ್ತದೆ, ಇಕ್ಕಳ ಒಳಗೆ ಬರಲಾರದು, ಚೈನು ಇಳಿಯದು. ಅದಕ್ಕೆಂದು ಸ್ಕ್ರೂ ಸಡಿಲಿಸಿದರೆ, ಪೆಟ್ಟಿಗೆ ಹಿಂದೆ ಹೋದಾಗ ವೈರಿನ ಎಳೆತವಿಲ್ಲದೆ ಇಕ್ಕಳ ಬೇಕಾದ್ದಕ್ಕಿಂತ ಒಳಗೆ ನುಗ್ಗುತ್ತದೆ, ಚೈನು ಬೀಳುತ್ತದೆ. ಸೊಸೆಯ ಕಾಲು ಸುತ್ತಿನಲ್ಲಿ ತಪ್ಪಿರಲಿಲ್ಲ. ರೋಗಿ ತನ್ನ ಅರ್ಧ ಮೈಯನ್ನು ಬಾಗಿಲಲ್ಲೇ ಬಿಟ್ಟು ಬರುವಂತೆ ಮಾಡಿದ್ದು ಬೋರ್ಡು.

ಪಟ್ಟಿ ಬೇರೆ ಕಡೆ ಕಟ್ಟಿ ಎಂದರೆ ಪೆಟ್ಟಿಗೆ ನಿಲ್ಲುವುದಿಲ್ಲ. ಸೊಸೆ ತುಟಿ ಕಚ್ಚಿ ಯೋಚಿಸುತ್ತಿದ್ದಾಗ ಯಜಮಾನರು ಒಳಗೆ ಹೋಗಿ ಹಳೆಯ ಮಡ್‌ಗಾರ್ಡೊಂದನ್ನು ಎಳೆದು ತಂದರು. ಅದರಿಂದ ಅಂಗೈಯಷ್ಟು ತುಂಡು ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ನಡು ಉಬ್ಬಿದ ಪುಟ್ಟ ಸೇತುವೆ ಮಾಡಿದರು. ಅದನ್ನು ಕೊಳವೆಗೆ ಕಟ್ಟಿದಾಗ ಪಟ್ಟಿ ಸೇತುವೆಯ ಮೇಲೆ ಹಾಯಿತು, ವೈರು ಕೆಳಗೆ ನಿರಾಳವಾಗಿ ಹರಿಯಿತು. ಆಮೇಲೆ ಅವರು ಎರಡು ಹೆಜ್ಜೆ ಹಿಂದೆ ಸರಿದರು. ಸೊಸೆ ಗುಂಡಿ ತೆಗೆದಳು. ಮಗ ಪೆಡಲ್ ತಿರುಗಿಸಿದ. ಪೆಟ್ಟಿಗೆ ಕಟ್ಟಿ ನೋಡಿದರು, ಬಿಚ್ಚಿ ನೋಡಿದರು. ಎರಡಕ್ಕೂ ಚೈನು ಒಂದೇ ಹಾಗೆ ನಡೆಯಿತು.

ಆದರೆ ಸ್ಟ್ಯಾಂಡಿನ ಮೇಲೆ ಸರಿಹೋದದ್ದು ಇದೇ ಮೊದಲಲ್ಲವಲ್ಲ. ಮರುದಿನ ಬೆಳಗ್ಗೆ ನರ್ಸಮ್ಮ ಹೊರಟ ಸ್ವಲ್ಪ ಹೊತ್ತಿಗೆ ಯಜಮಾನರು ಚೀಲವನ್ನು ಹ್ಯಾಂಡಲ್ಲಿಗೆ ನೇತುಹಾಕಿ, ಯಾವುದೋ ಸಾಮಾನು ತರುವುದಿದೆ ಎಂದು ಹೆಂಡತಿಗೆ ಹೇಳಿ ಗುಡ್ಡದ ದಾರಿ ಹಿಡಿದರು. ಗುಡ್ಡದ ಮೇಲೆ ಯಾವ ಸಾಮಾನೂ ಸಿಗುವುದಿಲ್ಲ. ಹೆಂಡತಿ ಅದನ್ನು ಹೇಳದೆ ಕುಡಿಯಲು ನೀರು ಕೊಟ್ಟು ಕಳಿಸಿದರು. ಯಜಮಾನರ ಸ್ವಂತ ಗಾಡಿಗೂ ನಡುಚಕ್ರಕ್ಕೆ ಬೀಗವಿತ್ತು. ಮೊದಲ ತಿರುವು ಹೇಗೋ ತುಳಿದರು. ಎರಡನೆಯದಕ್ಕೆ ಸೀಟಿನಿಂದ ಎದ್ದು ತುಳಿದರು. ಆಮೇಲೆ ಇಳಿದು ತಳ್ಳತೊಡಗಿದರು. ಮೇಲೆ ದೂರದ ತಿರುವಿನಲ್ಲಿ ನೀಲಿ ಪೆಟ್ಟಿಗೆ ಕಾಣಿಸುತ್ತಿತ್ತು. ನರ್ಸಮ್ಮನ ಕಾಲುಗಳು ಚಕಚಕನೆ ಸಣ್ಣದಾಗಿ ಸುತ್ತುತ್ತಿದ್ದವು, ಹೊಲಿಗೆ ಯಂತ್ರ ತುಳಿಯುವವರ ಹಾಗೆ. ಎಲ್ಲಿಯೂ ನಿಲ್ಲದೆ, ಎಲ್ಲಿಯೂ ಇಳಿಯದೆ, ಪೆಟ್ಟಿಗೆ ಗುಡ್ಡದ ನೆತ್ತಿ ದಾಟಿ ಮರೆಯಾಯಿತು.

ಯಜಮಾನರು ಅರ್ಧ ದಾರಿಯ ಕಲ್ಲಿನ ಮೇಲೆ ಕೂತು ಕಾದರು. ಬಿಸಿಲು ಬಲಿಯುವ ಹೊತ್ತಿಗೆ ನರ್ಸಮ್ಮ ಖಾಲಿ ಪೆಟ್ಟಿಗೆಯನ್ನು ಹಿಂದೆ ಕಟ್ಟಿಕೊಂಡು ಇಳಿದು ಬಂದರು. ಇವರನ್ನು ಕಂಡು ಬ್ರೇಕು ಹಿಡಿದು ನಿಂತರು. ಮಾತಿಗೆ ಮೊದಲು ಎರಡೂ ಅಂಗೈ ಬಿಡಿಸಿ ತೋರಿಸಿದರು. ಮಸಿಯ ಒಂದು ಚುಕ್ಕೆಯೂ ಇರಲಿಲ್ಲ.

“ಹೋಗೋವಾಗಲೂ ಸಾಧು, ಬರೋವಾಗಲೂ ಸಾಧು” ಎಂದರು ನರ್ಸಮ್ಮ. ಮತ್ತೆ ಯಜಮಾನರ ಬೆವರು, ಪಕ್ಕದಲ್ಲಿ ಒರಗಿಸಿದ ಗಾಡಿ ಎರಡನ್ನೂ ನೋಡಿ, “ನಿಮ್ಮ ಸೊಸೆಗೆ ಹೇಳಿ ಇದರ ಬೀಗಾನೂ ತೆಗೆಸಿ, ಯಜಮಾನ್ರೇ” ಎಂದರು.

ಇಳಿಜಾರಿನಲ್ಲಿ ಯಜಮಾನರು ಗಾಳಿಗೆ ಮುಖವೊಡ್ಡಿ ಬರುವಾಗ ಅವರ ಎದೆ ಉಬ್ಬಿತ್ತು. ತನ್ನ ಅಂಗಡಿಯ ಗಾಡಿ ಗುಡ್ಡ ಹತ್ತಿತು, ತನ್ನ ಮನೆಯ ಹುಡುಗಿ ಹತ್ತಿಸಿದಳು ಎಂದು ಎದುರಿಗೆ ಬಂದ ಹಾಲಿನವನನ್ನೂ ನಿಲ್ಲಿಸಿ ಹೇಳಿದರು. ಅವನಾಗಿ ಏನೂ ವಿಚಾರಿಸಿರಲಿಲ್ಲ. ಅಂಗಡಿ ತಲುಪಿ, ಹೊಸ್ತಿಲಿನ ಆಚೆಯೇ, ಗಿರಾಕಿಗಳು ನಿಲ್ಲುವ ಜಾಗದಲ್ಲಿ ಗಾಡಿ ಹಿಡಿದು ನಿಂತರು. ಚೀಲ ಹ್ಯಾಂಡಲ್ಲಿನಲ್ಲೇ ನೇತಾಡುತ್ತಿತ್ತು.

“ಇದರ ನಡುಚಕ್ರದ ಬೀಗ ತೆಗೀಬೇಕಿತ್ತು. ಪುರಸೊತ್ತಿದೆಯಾ?”

ಸೊಸೆ ಒಳಗಿನಿಂದ ಅವರ ಮುಖ ನೋಡಿದಳು. ಗುಡ್ಡದ ಮೇಲೆ ಏನಾಯಿತೆಂದು ಅವಳಿಗೆ ಬೇರೆ ಯಾರೂ ಹೇಳಬೇಕಾಗಲಿಲ್ಲ.

“ಬಿಟ್ಟು ಹೋಗಿ,” ಎಂದಳು, “ಸಂಜೆಗೆ ಬನ್ನಿ.”

ಮಗ ಪಂಪು ಕೆಳಗೆ ಹಾಕಿ ನಕ್ಕ. ಯಜಮಾನರೂ ನಕ್ಕರು. ಬೀದಿಗೆ ಹೊತ್ತು ತಂದಿದ್ದ ಸ್ಟ್ಯಾಂಡನ್ನು ಹಿಂದಿನ ದಿನವೇ ಬಾಗಿಲ ಬಳಿ ತಿರುಗಿ ಇಟ್ಟಾಗಿತ್ತು. ಅವರು ಅದರ ಮುಂದಿನ ಮೋಟು ಸ್ಟೂಲನ್ನು ಎತ್ತಿಕೊಂಡು ಹಿಂದಿನ ಗೋಡೆಯ ಬಳಿಗೆ ಹೋಗಿ ಕೂತರು. ಚಕ್ರದ ಓರೆ ತೆಗೆಯಲು ಬೆಳಕು ಬೇಕಿಲ್ಲ, ಅದು ಕಿವಿಯ ಕೆಲಸ ಎಂದು ಕೇಳಿದವರಿಗೆಲ್ಲ ಹೇಳಿದರು. ಆ ವಾರವೇ ಬೋರ್ಡಿಗೆ ಹೊಸ ಬಣ್ಣ ಬಂತು: ಗಾಡಿ ಹೇಗೆ ಓಡಿಸುತ್ತೀರೋ ಹಾಗೇ ತನ್ನಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಊಟದ ಡಬ್ಬಿ ಬೇಡ.

ಊರಿನ ಬೀಗದ ಗಾಡಿಗಳು ಈಗಲೂ ಒಂದೊಂದಾಗಿ ಬರುತ್ತವೆ. ಯಾರಾದರೂ ಇದನ್ನು ಹೀಗೆ ಬಿಗಿದವರು ಯಾರಪ್ಪ ಎಂದರೆ ಯಜಮಾನರು ಹಿಂದಿನಿಂದಲೇ, “ಹಾಕಿದ್ದು ನಾನೇ, ತೆಗೆಯೋಳು ಅಲ್ಲಿದಾಳೆ ನೋಡಿ” ಎನ್ನುತ್ತಾರೆ. ಕಾಲುಸುತ್ತು ಎಂಬ ಹೆಸರಿನಲ್ಲಿ ಈಗ ಗೇಲಿ ಉಳಿದಿಲ್ಲ. ಅವಳ ಹತ್ತಿರ ಕೆಲಸ ಕಲಿಯಲು ಬೇರೆ ಅಂಗಡಿಗಳ ಮೆಕ್ಯಾನಿಕ್‌ಗಳು ಬರುತ್ತಾರೆ, ಯಜಮಾನರ ಹಳೆಯ ಶಿಷ್ಯರೂ ಬರುತ್ತಾರೆ. ಬಂದವರಿಗೆಲ್ಲ ಅವಳು ಮೊದಲು ಒಂದು ಅಂಗಿಯ ಗುಂಡಿ ಕೊಡುತ್ತಾಳೆ.

ಈಗ ಅವಳು ಬಾಗಿಲ ಬಳಿಯ ಮೊದಲನೆಯ ಸ್ಟ್ಯಾಂಡಿನಲ್ಲಿ ಗೇರಿನ ಸೈಕಲ್‌ಗಳ ಕೆಲಸ ಮಾಡುತ್ತಾಳೆ. ಆರೋಗ್ಯ ಕೇಂದ್ರದ ಎಲ್ಲ ಗಾಡಿಗಳನ್ನೂ ಅವಳೇ ನೋಡಿಕೊಳ್ಳುತ್ತಾಳೆ.